ಯಾವುದರ ಬಗ್ಗೆ ಅಂತಲ್ಲ, ಏನು ಹೇಳ್ತಿದ್ದಾರೆ ಅಂತ

ಐಎಎಸ್ ಮುಂತಾದ ಹುದ್ದೆಗಳಿಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯ ಮೊದಲ ಹಂತ ಪ್ರಿಲಿಮ್ಸ್. ಅದರ ಮಧ್ಯಾಹ್ನದ ಪೇಪರ್‌ಗೆ ಎಲ್ಲರೂ ಸಿ-ಸ್ಯಾಟ್ ಅಂತಲೇ ಹೇಳುತ್ತಾರೆ. ಲೆಕ್ಕ, ತರ್ಕ, ಪ್ಯಾಸೇಜ್ ಓದಿ ಉತ್ತರಿಸುವುದು, ಇವೇ ಅದರಲ್ಲಿ. ಎರಡು ಗಂಟೆ, 80 ಪ್ರಶ್ನೆ, 200 ಅಂಕ. 2015ರಿಂದ ಇದರಲ್ಲಿ ಪಾಸಾದರೆ ಸಾಕು. ನೂರಕ್ಕೆ 33, ಅಂದರೆ 66 ಅಂಕ. ಅಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆ 66 ಬಾರದೆ ಬೆಳಗಿನ ಪೇಪರ್‌ನ ಅಂಕ ಲೆಕ್ಕಕ್ಕೇ ಇಲ್ಲದಂತಾದವರು ಬೆಂಗಳೂರಿನ ವಿಜಯನಗರದ ಯಾವ ಪಿಜಿಗೆ ಹೋದರೂ ಸಿಗುತ್ತಾರೆ.

ನಾನು ಬಿಎ ಓದಿದವಳು. ಹತ್ತನೇ ಕ್ಲಾಸ್ ಮುಗಿದ ಮೇಲೆ ಲೆಕ್ಕದ ಪುಸ್ತಕದ ಕಡೆ ತಲೆ ಹಾಕಿರಲಿಲ್ಲ. ಹಾಗಾಗಿ ನನ್ನ ಆಸೆಯೆಲ್ಲ ಪ್ಯಾಸೇಜ್‌ಗಳ ಮೇಲೆ. ಒಂದು ಪ್ಯಾರಾ ಕೊಟ್ಟು, ಅದರ ತಿರುಳನ್ನು ಸರಿಯಾಗಿ ಹೇಳುವ ವಾಕ್ಯ ಯಾವುದು ಅಂತ ಕೇಳುತ್ತಾರೆ. ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ನಾನು ಕನ್ನಡ ಮೀಡಿಯಂ. ಪ್ಯಾರಾದ ಪದಗಳೆಲ್ಲ ಗೊತ್ತು, ವಾಕ್ಯಗಳೂ ಅರ್ಥವಾಗುತ್ತವೆ. ಆದರೆ ಕೆಳಗಿನ ನಾಲ್ಕು ಉತ್ತರ ನೋಡಿದರೆ ನಾಲ್ಕೂ ಸರಿ ಅನ್ನಿಸುತ್ತದೆ. ಸರಿಯಾದರೆ ಎರಡೂವರೆ ಅಂಕ. ತಪ್ಪಾದರೆ ಅದರಲ್ಲಿ ಮೂರನೇ ಒಂದು ಭಾಗ, ಹೆಚ್ಚುಕಡಿಮೆ 0.83, ಇದ್ದದ್ದರಲ್ಲೂ ಹೋಗುತ್ತದೆ.

ಇಂಗ್ಲಿಷ್‌ನ ತೊಂದರೆ ಇದು ಅಂತ ಪದಗಳ ಪಟ್ಟಿ ಇಟ್ಟುಕೊಂಡು ಬಾಯಿಪಾಠ ಮಾಡುತ್ತಾ ಕೂತೆ. ಪಿಜಿಯಲ್ಲಿ ನನ್ನ ರೂಮಿನಲ್ಲಿದ್ದ ಸಿಂಧನೂರಿನ ಹುಡುಗಿ ಒಂದು ದಿನ ಕನ್ನಡ ಪೇಪರಿನ ಸಂಪಾದಕೀಯ ಮುಂದಿಟ್ಟಳು. ‘ಅಕ್ಕಾ, ಈ ಪ್ಯಾರಾ ಓದು. ಏನೈತಿ ಹೇಳು ಅದ್ರಾಗ.’

‘ಬೆಳೆ ವಿಮೆ ಬಗ್ಗೆ.’

‘ಅದು ಹೆಡ್ಡಿಂಗ್‌ನ್ಯಾಗ ಐತಿ. ಬೆಳೆ ವಿಮೆ ಬಗ್ಗೆ ಅವ ಏನ್ ಹೇಳಾಕತ್ತಾನ, ಅಷ್ಟ ಹೇಳು.’

ಕನ್ನಡದಲ್ಲೂ ಹೇಳಲಿಕ್ಕೆ ಬರಲಿಲ್ಲ. ಎರಡು ಸಲ ಪ್ಯಾರಾ ಮೇಲೆ ಕಣ್ಣಾಡಿಸಿ, ರೈತರು, ಪ್ರೀಮಿಯಂ, ವಿಳಂಬ ಅಂತ ತಡವರಿಸಿದೆ. ಅವಳು ನಕ್ಕಳು. ನನ್ನ ಪದಗಳ ಪಟ್ಟಿ ಅವತ್ತೇ ಮಂಚದ ಕೆಳಗೆ ಹೋಯಿತು. ತೊಂದರೆ ಇಂಗ್ಲಿಷ್‌ನದ್ದಲ್ಲ ಅಂತ ಗೊತ್ತಾಗಿದ್ದೇ ಒಂದು ಸಮಾಧಾನ. ಕನ್ನಡದಲ್ಲೇ ಕಲಿಯಬಹುದಲ್ಲ!

ಆಮೇಲೆ ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡೆವು. ಪ್ಯಾರಾ ಓದಿದ ಮೇಲೆ ಪಕ್ಕದ ಜಾಗದಲ್ಲಿ ಪೆನ್ಸಿಲ್‌ನಲ್ಲಿ ಅದರ ಮಾತು ಬರೆಯಬೇಕು. ಅದರಲ್ಲಿ ಕ್ರಿಯಾಪದ ಇರಲೇಬೇಕು. ‘ಬೆಳೆ ವಿಮೆಯ ಸಮಸ್ಯೆಗಳು’ ಅಂತ ಬರೆದರೆ ನಡೆಯುವುದಿಲ್ಲ. ‘ಪರಿಹಾರ ತಡವಾಗಿ ಬರುವುದರಿಂದ ರೈತರು ಬೆಳೆ ವಿಮೆ ಬಿಡುತ್ತಿದ್ದಾರೆ’ ಅಂತ ಬರೆದರೆ ಸೈ. ಶಾಲೆಯಲ್ಲಿ ‘ಈ ಗದ್ಯಭಾಗಕ್ಕೆ ಸೂಕ್ತ ಶೀರ್ಷಿಕೆ ಕೊಡಿ’ ಅಂತ ಕೇಳಿ ಕೇಳಿ ನಮಗೆ ಎರಡು ಮೂರು ಪದದಲ್ಲಿ ಮುಗಿಸುವ ಚಾಳಿ ಬಿದ್ದಿರುತ್ತದೆ. ಶೀರ್ಷಿಕೆಗೆ ಕ್ರಿಯಾಪದ ಬೇಕಿಲ್ಲ. ಪ್ಯಾರಾದ ಮುಖ್ಯ ವಿಚಾರಕ್ಕೆ ಬೇಕು. ಯಾರು ಏನಾದರು, ಯಾವುದು ಏನು ಮಾಡಿತು ಅನ್ನುವುದು ಬಾರದೆ ಅದು ವಿಚಾರ ಆಗುವುದೇ ಇಲ್ಲ. ನನಗೆ ಇದು ಎಷ್ಟು ಉಪಯೋಗಕ್ಕೆ ಬಂತೆಂದರೆ, ಇವತ್ತಿಗೂ ಏನನ್ನಾದರೂ ಓದುವಾಗ ಕೈ ಪೆನ್ಸಿಲ್ ಹುಡುಕುತ್ತದೆ.

ಇನ್ನೊಂದು ಪರೀಕ್ಷೆ ಅಳಿಸುವುದು. ಒಂದೊಂದು ವಾಕ್ಯದ ಮೇಲೆ ಬೆರಳಿಟ್ಟು, ಇದಿಲ್ಲದಿದ್ದರೆ ಉಳಿದ ವಾಕ್ಯಗಳಿಗೆ ಇಲ್ಲೇನು ಕೆಲಸ ಅಂತ ಕೇಳಿಕೊಳ್ಳಬೇಕು. ಒಂದು ಪ್ಯಾರಾ ಕಟ್ಟಿ ತೋರಿಸುತ್ತೇನೆ:

‘ರಾಗಿ ನಮ್ಮ ಒಣಭೂಮಿಯ ಬೆಳೆ. ಕಡಿಮೆ ಮಳೆಯಲ್ಲೂ ಬರುತ್ತದೆ, ವರ್ಷಗಟ್ಟಲೆ ಇಟ್ಟರೂ ಬೇಗ ಹುಳ ಹಿಡಿಯುವುದಿಲ್ಲ. ಆದರೆ ಬಹಳ ಕಾಲ ಇದರ ಇಳುವರಿ ಕಡಿಮೆಯೇ ಇತ್ತು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ತಳಿಗಳನ್ನು ಆಫ್ರಿಕಾದ ತಳಿಗಳ ಜೊತೆ ಸಂಕರ ಮಾಡಿ ಹೊಸ ತಳಿಗಳನ್ನು ತಂದ ಮೇಲೆ ಇಳುವರಿ ಏರಿತು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಸೇರಿ ಆ ತಳಿಗಳಿಗೆ ಇಂಡಾಫ್ ಅಂತ ಹೆಸರಾಯಿತು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆದರು.’

ಮೊದಲ ಸಲ ಓದಿದಾಗ ಕಣ್ಣು ಹೋಗುವುದು ಎಲ್ಲಿಗೆ? ಇಂಡಾಫ್ ಅನ್ನುವ ಹೆಸರಿಗೆ, ಇಲ್ಲವೇ ರಾಗಿ ಲಕ್ಷ್ಮಣಯ್ಯ ಅನ್ನುವ ಹೆಸರಿಗೆ. ಎರಡೂ ಚೆನ್ನಾಗಿವೆ, ನೆನಪಲ್ಲಿ ಉಳಿಯುತ್ತವೆ. ಅವುಗಳ ಮೇಲೆ ಬೆರಳಿಟ್ಟು ಮುಚ್ಚಿ. ಉಳಿದದ್ದು ನೆಟ್ಟಗೆ ನಿಲ್ಲುತ್ತದೆ. ಎರಡನೇ ವಾಕ್ಯ ಮುಚ್ಚಿದರೂ ಏನೂ ಕೆಡುವುದಿಲ್ಲ. ನಾಲ್ಕನೇ ವಾಕ್ಯ ಮುಚ್ಚಿ ನೋಡಿ. ‘ಇಳುವರಿ ಕಡಿಮೆ ಇತ್ತು’ ಅನ್ನುವುದು ಅಲ್ಲಿಗೇ ನಿಂತುಬಿಡುತ್ತದೆ. ‘ಆ ತಳಿಗಳಿಗೆ’ ಅಂದರೆ ಯಾವ ತಳಿಗಳು? ‘ಅವರನ್ನು’ ಅಂದರೆ ಯಾರನ್ನು? ಉಳಿದ ವಾಕ್ಯಗಳೆಲ್ಲ ಯಾವುದರ ಕಡೆ ಮುಖ ಮಾಡಿಕೊಂಡಿವೆಯೋ ಅದೇ ನಮಗೆ ಬೇಕಾದ ವಾಕ್ಯ. ಅಂಚಿನಲ್ಲಿ ಬರೆಯುವುದು: ‘ಆಫ್ರಿಕಾ ತಳಿ ಸೇರಿಸಿದ ಮೇಲೆ ರಾಗಿ ಇಳುವರಿ ಏರಿತು.’ ಅಷ್ಟೇ.

ನೆನಪಲ್ಲಿ ಉಳಿಯುವ ವಾಕ್ಯ ಬೇರೆ, ಮುಖ್ಯ ವಾಕ್ಯ ಬೇರೆ. ಹಳದಿ ಹೈಲೈಟರ್ ಹಿಡಿದು ಓದುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಚಂದದ್ದಕ್ಕೆಲ್ಲ ಹಳದಿ ಬಳಿದರೆ ಕೊನೆಗೆ ಪುಟವೇ ಅರಿಶಿನ.

ಹಂಪಿನಗರದ ಲೈಬ್ರರಿಯಲ್ಲಿ ಸಾಲಾಗಿ ಪರೀಕ್ಷೆಗೆ ಓದುವವರೇ ಕೂತಿರುತ್ತಾರೆ. ಬೆಳಿಗ್ಗೆ ಬೇಗ ಹೋಗಿ ಜಾಗ ಹಿಡಿಯದಿದ್ದರೆ ನಿಂತೇ ಇರಬೇಕು. ಅಲ್ಲಿ ನಾವು ಪೇಪರ್‌ಗಳ ಸಂಪಾದಕೀಯ ಪುಟ ಓದುತ್ತಿದ್ದೆವು. ಸುದ್ದಿ ಪುಟ ಈ ಅಭ್ಯಾಸಕ್ಕೆ ಆಗಿಬರುವುದಿಲ್ಲ. ಅಲ್ಲಿ ಎರಡೆರಡು ವಾಕ್ಯಕ್ಕೆ ಒಂದು ಪ್ಯಾರಾ ಕತ್ತರಿಸಿರುತ್ತಾರೆ. ಅದು ಕಾಲಂ ಅಗಲಕ್ಕೆ ಮಾಡಿದ್ದು, ವಿಚಾರಕ್ಕೆ ಮಾಡಿದ್ದಲ್ಲ. ಸಂಪಾದಕೀಯದಲ್ಲಾದರೆ ಒಂದು ಪ್ಯಾರಾಕ್ಕೆ ಒಂದು ಮಾತು ಅಂತ ಇಟ್ಟುಕೊಂಡು ಬರೆದಿರುತ್ತಾರೆ, ಜಾಸ್ತಿ ದಿನ.

ಓದುತ್ತಾ ಓದುತ್ತಾ ಬರೆಯುವವರ ವರಸೆ ಗೊತ್ತಾಗುತ್ತದೆ. ‘ಸರ್ಕಾರದ ಈ ಕ್ರಮ ಸ್ವಾಗತಾರ್ಹ’ ಅಂತ ಶುರುವಾದರೆ ಸ್ವಲ್ಪ ತಡೆಯಿರಿ, ಮುಂದೆ ‘ಆದರೆ’ ಬಂದೇ ಬರುತ್ತದೆ. ಬರೆದವರ ಮನಸ್ಸಿನಲ್ಲಿರುವುದು ‘ಆದರೆ’ ಆದ ಮೇಲೆ. ‘ನಿಜ’, ‘ಹೌದು’, ‘ಎಂಬ ವಾದವಿದೆ’, ಇವೆಲ್ಲ ಎದುರಿನವರ ಮಾತಿಗೆ ಮರ್ಯಾದೆ ಕೊಟ್ಟು ಬದಿಗೆ ಸರಿಸುವ ಉಪಾಯ. ಬರೀ ಅದನ್ನು ಓದಿ ಇದೇ ಬರೆದವರ ಅಭಿಪ್ರಾಯ ಅಂದುಕೊಂಡರೆ ಉತ್ತರ ತಲೆಕೆಳಗು. ‘ಉದಾಹರಣೆಗೆ’ ಅಂತ ಬಂದರೆ ಒಂದು ವಾಕ್ಯ ಹಿಂದೆ ಹೋಗಿ ನೋಡಬೇಕು. ಉದಾಹರಣೆ ಯಾವುದಕ್ಕೆ ಅನ್ನುವುದು ಅಲ್ಲಿರುತ್ತದೆ. ‘ಹೀಗಾಗಿ’, ‘ಆದ್ದರಿಂದ’ ಬಂದರೆ ಮುಂದೆ ನೋಡಬೇಕು. ಪ್ಯಾರಾದ ಮೊದಲ ವಾಕ್ಯವೇ ಮುಖ್ಯ ವಾಕ್ಯ ಅಂತ ಕೋಚಿಂಗ್‌ನಲ್ಲಿ ಹೇಳಿಕೊಡುತ್ತಾರಲ್ಲ, ಇಂಗ್ಲಿಷ್ ಪಠ್ಯಪುಸ್ತಕಗಳಿಗೆ ಅದು ತಕ್ಕಮಟ್ಟಿಗೆ ಸರಿ. ನಾನು ಓದಿದ ಕನ್ನಡ ಲೇಖನಗಳಲ್ಲಿ ಕಾರಣವನ್ನೆಲ್ಲ ಮೊದಲು ಪೇರಿಸಿ, ಹೇಳಬೇಕಾದ್ದನ್ನು ಕೊನೆಗಿಡುವುದೇ ಹೆಚ್ಚು. ಮೊದಲ ವಾಕ್ಯ ಓದಿ ಬಿಟ್ಟರೆ ಕೆಟ್ಟೆವು.

ಎಲ್ಲಕ್ಕಿಂತ ಕಷ್ಟ ಅಂದರೆ ಮುಖ್ಯ ವಾಕ್ಯವೇ ಇಲ್ಲದ ಪ್ಯಾರಾ. ಬರೆದವರು ಸಂಗತಿಗಳನ್ನು ಜೋಡಿಸಿ ಸುಮ್ನೆ ಎದ್ದು ಹೋಗಿರುತ್ತಾರೆ. ಹೇಳಬೇಕಾದ್ದು ನಮ್ಮ ಪಾಲಿಗೆ. ಇಂಥದ್ದರ ಅಭ್ಯಾಸಕ್ಕೆ ನಾವೇ ಒಬ್ಬರಿಗೊಬ್ಬರು ಪ್ಯಾರಾ ಬರೆದು, ನಾಲ್ಕು ಉತ್ತರ ಸೇರಿಸಿ, ಬದಲಾಯಿಸಿಕೊಳ್ಳುತ್ತಿದ್ದೆವು. ನಾನು ಬರೆದ ಒಂದು:

‘1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಗತೊಡಗಿತು. ಅಲ್ಲಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು ಅದನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ದರು. ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ. ಬೆಂಗಳೂರಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಮೈಸೂರಿಗೆ ಬಂದದ್ದು ಅದಾದ ಮೇಲೆ.’

ಉತ್ತರಗಳು ಹೀಗಿದ್ದವು. ಅ: ಶಿವನಸಮುದ್ರ ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ. ಆ: ವಿದ್ಯುತ್ತಿನಿಂದ ಮೈಸೂರು ಸಂಸ್ಥಾನದ ಕೈಗಾರಿಕೆಗಳೆಲ್ಲ ಬೆಳೆದವು. ಇ: ಬೆಂಗಳೂರಿಗೆ 1905ರಲ್ಲಿ ವಿದ್ಯುತ್ ಬಂತು. ಈ: ಸಂಸ್ಥಾನದಲ್ಲಿ ವಿದ್ಯುತ್ ಮೊದಲು ಹೋದದ್ದು ಗಣಿಗೆ, ದೊಡ್ಡ ಊರುಗಳಿಗೂ ಬಂದದ್ದು ಆಮೇಲೆ.

ಗೆಳತಿ ‘ಅ’ ಅಂತ ಹಾಕಿದಳು. ಜಿಕೆ ಪುಸ್ತಕದಲ್ಲಿ ಹಾಗೇ ಓದಿದ್ದಳು. ಅವಳನ್ನು ಸಿಕ್ಕಿಸಬೇಕು ಅಂತಲೇ ನಾನು ಅದನ್ನು ಮೊದಲಿಗೆ ಇಟ್ಟಿದ್ದೆ! ಪ್ಯಾರಾದಲ್ಲಿ ಏಷ್ಯಾದ ಸುದ್ದಿಯೇ ಇಲ್ಲ. ನಮಗೆ ಹೊರಗಿನಿಂದ ಗೊತ್ತಿರುವುದನ್ನು ಒಳಗೆ ತರಬಾರದು, ಉತ್ತರ ಪ್ಯಾಸೇಜನ್ನು ಮಾತ್ರ ಆಧರಿಸಿರಬೇಕು ಅಂತ ಪ್ರಶ್ನೆಪತ್ರಿಕೆಯಲ್ಲೇ ಅಚ್ಚು ಹಾಕಿರುತ್ತಾರೆ. (ಅಂದಹಾಗೆ, ಆ ಏಷ್ಯಾದ ಮಾತು ನಿಜವೂ ಅಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ಜಲವಿದ್ಯುತ್ ಶುರುವಾಗಿತ್ತು. ಜಿಕೆ ಪುಸ್ತಕಗಳು ಒಂದನ್ನೊಂದು ನೋಡಿ ಬರೆದುಕೊಳ್ಳುತ್ತವೆ.)

‘ಆ’ ದೊಡ್ಡದಾಯಿತು. ಪ್ಯಾರಾ ಹೇಳಿದ್ದು ಒಂದು ಗಣಿಯ ಬಗ್ಗೆ, ಉತ್ತರ ಎಲ್ಲ ಕೈಗಾರಿಕೆಗಳ ಬಗ್ಗೆ. ‘ಎಲ್ಲ’, ‘ಮಾತ್ರ’, ‘ಎಂದಿಗೂ’ ಅಂತ ಕಂಡರೆ ನನಗೆ ಈಗಲೂ ಗುಮಾನಿ. ‘ಇ’ ಪ್ಯಾರಾದಲ್ಲಿರುವುದೇ, ಅಕ್ಷರಶಃ ಇದೆ, ಆದರೆ ಚಿಕ್ಕದು. ಒಂದು ವಾಕ್ಯದ ಮೈ ಮುಚ್ಚುತ್ತದೆ, ಉಳಿದ ನಾಲ್ಕು ಹೊರಗೆ. ‘ಈ’ ಅನ್ನುವುದು ಪ್ಯಾರಾದಲ್ಲಿ ಎಲ್ಲೂ ಬರೆದಿಲ್ಲ. ಆದರೂ ಐದೂ ವಾಕ್ಯಗಳನ್ನು ಒಟ್ಟಿಗೆ ಹಿಡಿಯುವುದು ಅದೊಂದೇ. ಇಸವಿಗಳನ್ನು ಆ ಕ್ರಮದಲ್ಲಿ ಇಟ್ಟದ್ದು, ನಡುವೆ ಕಂಪನಿಯ ಹೆಸರು ತಂದದ್ದು ಯಾಕೆ ಅಂತ ಕೇಳಿಕೊಂಡರೆ ಅದೇ ಉತ್ತರ ಬರುತ್ತದೆ. ಗೆಳತಿ ಒಪ್ಪಲಿಲ್ಲ. ‘ಬರೀಲಾರದ್ದು ಹೆಂಗ ಸರಿ ಆಕ್ಕೈತಿ?’ ಅಂತ ಒಂದೇ ಸಮನೆ ಜಗಳ. ರಾತ್ರಿ ಊಟಕ್ಕೆ ಹೋಗುವಾಗ, ಪಿಜಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, ‘ಗಣಿಗೆ ಕೊಟ್ಟು ಮಂದಿಗೆ ಉಳಿದದ್ದು ಕೊಟ್ರು ಅಂತ ಹೇಳಾಕ ಹೊಂಟಿ ನೀ, ಹೌದಿಲ್ಲೋ?’ ಅಂದಳು. ಸ್ವಲ್ಪ ಖಾರ ಜಾಸ್ತಿಯಾಯಿತು, ‘ಉಳಿದದ್ದು’ ಅಂತ ಪ್ಯಾರಾದಲ್ಲಿಲ್ಲ ಅಂದೆ. ಮತ್ತೆ ಜಗಳ. ಈ ಜಗಳಗಳಲ್ಲಿ ಕಲಿತಷ್ಟು ನಾನು ಯಾವ ಕ್ಲಾಸಿನಲ್ಲೂ ಕಲಿತಿಲ್ಲ. ಒಬ್ಬರೇ ಕೂತು ಅಭ್ಯಾಸ ಮಾಡಿದರೆ ನಮ್ಮ ಉತ್ತರಕ್ಕೆ ನಾವೇ ತಲೆದೂಗುತ್ತೇವೆ. ಎದುರಿಗೆ ಒಬ್ಬರು ‘ಎಲ್ಲೈತಿ ತೋರಿಸು’ ಅಂತ ಕೂತಿರಬೇಕು.

ಸಿ-ಸ್ಯಾಟ್ ದಾಟಿದೆ. ಲೆಕ್ಕದಲ್ಲಿ ಬಂದದ್ದು ಅಷ್ಟಕ್ಕಷ್ಟೇ, ಪ್ಯಾಸೇಜ್‌ಗಳೇ ಕೈ ಹಿಡಿದವು. ಮುಂದಿನ ಹಂತವಾದ ಮೇನ್ಸ್‌ನಲ್ಲಿ ಕನ್ನಡ ಕಡ್ಡಾಯ ಪೇಪರ್ ಒಂದಿದೆ, 300 ಅಂಕದ್ದು, 75 ಬಂದರೆ ಪಾಸ್. ಪ್ರಬಂಧಕ್ಕೆ 100. ಗದ್ಯಭಾಗ ಓದಿ ಉತ್ತರಿಸುವುದಕ್ಕೆ 60, ಸಂಕ್ಷೇಪಿಸುವುದಕ್ಕೆ 60, ಉಳಿದದ್ದು ಅನುವಾದ ಮತ್ತು ವ್ಯಾಕರಣ. ಕನ್ನಡ ತಾನೇ ಅಂತ ಯಾರೂ ಇದಕ್ಕೆ ಓದುವುದಿಲ್ಲ. ಸಂಕ್ಷೇಪಿಸುವುದು ಅಂದರೆ ಕೊಟ್ಟದ್ದನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ನಮ್ಮ ಮಾತಿನಲ್ಲಿ ಬರೆಯಬೇಕು. ಮೂರು ವಾಕ್ಯದಲ್ಲಿ ಒಂದನ್ನು ಆರಿಸಿ ನಕಲು ಮಾಡಿದರೆ ಅದು ಸಂಕ್ಷೇಪವಲ್ಲ, ಹರಿದ ಪುಟ. ನಾನು ಮಾಡುತ್ತಿದ್ದದ್ದು ಇಷ್ಟೇ: ಪ್ರತಿ ಪ್ಯಾರಾದ ಪಕ್ಕ ಕ್ರಿಯಾಪದ ಇರುವ ಒಂದು ಸಾಲು, ಆಮೇಲೆ ಮೂಲವನ್ನು ಮುಚ್ಚಿಟ್ಟು ಬರೀ ಆ ಸಾಲುಗಳಿಂದ ಬರೆಯುವುದು. ಮುಚ್ಚಿಡುವುದು ಮುಖ್ಯ. ಕಣ್ಣಿಗೆ ಕಾಣುತ್ತಿದ್ದರೆ ಅವರ ಪದಗಳೇ ಪೆನ್ನಿಗೆ ಬರುತ್ತವೆ.

ಉದಾಹರಣೆಗೆ, ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹತ್ತಿರದಲ್ಲಿ ದೊಡ್ಡ ನದಿಯಿಲ್ಲ, ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಕಾವೇರಿ ನೀರು ಬರಬೇಕು, ಸುಮಾರು 500 ಮೀಟರ್ ಮೇಲಕ್ಕೆ ಏರಬೇಕು, ದಾರಿಯಲ್ಲಿ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಬೇಕು, ಹೀಗಾಗಿ ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿಗೇ ಹೋಗುತ್ತದೆ ಅಂತ ಒಂದು ಪ್ಯಾರಾ ಇದೆ ಅಂದುಕೊಳ್ಳಿ. ಮುಚ್ಚಿಟ್ಟು ಬರೆದರೆ ನನಗೆ ಬರುವುದು: ‘ದೂರದ, ತಗ್ಗಿನ ಕಾವೇರಿಯಿಂದ ನೀರೆತ್ತಬೇಕಾದ್ದರಿಂದ ಬೆಂಗಳೂರು ಜಲಮಂಡಳಿಗೆ ವಿದ್ಯುತ್ತೇ ದೊಡ್ಡ ಖರ್ಚು.’ ಊರಿನ ಹೆಸರು ಹೋದವು, ಅಂಕಿಗಳು ಹೋದವು. 900, 100, 500 ಎಲ್ಲ ಸೇರಿ ‘ದೂರದ, ತಗ್ಗಿನ’ ಅನ್ನುವ ಎರಡು ಪದ ಆದವು. ಅಂಕಿ ಬಿಡೋಕೆ ಮೊದಮೊದಲು ಕೈ ಬರುವುದಿಲ್ಲ. ಪರೀಕ್ಷೆಗೆ ಓದುವವರಿಗೆ ಅಂಕಿ ಅಂದರೆ ಪ್ರಾಣ.

ಮೇನ್ಸ್‌ನ ಮುಂದಕ್ಕೆ ನಾನು ಹೋಗಲಿಲ್ಲ. ರಾಜ್ಯದ ಕೆಪಿಎಸ್‌ಸಿ ಪರೀಕ್ಷೆ ಬರೆದು ಎಫ್‌ಡಿಎ, ಅಂದರೆ ಪ್ರಥಮ ದರ್ಜೆ ಸಹಾಯಕಿ ಆಗಿ ತಾಲ್ಲೂಕು ಕಚೇರಿಗೆ ಬಂದೆ. ಇಲ್ಲಿ ಯಾರೂ ನಾಲ್ಕು ಉತ್ತರ ಕೊಡುವುದಿಲ್ಲ, ಅಷ್ಟೇ ವ್ಯತ್ಯಾಸ. ಅರ್ಜಿ ಬರುತ್ತದೆ, ಓದಿ ಕಡತದಲ್ಲಿ ಟಿಪ್ಪಣಿ ಹಾಕಬೇಕು. ನಮ್ಮ ಶಿರಸ್ತೇದಾರರು ಕಡತ ಬಿಚ್ಚುವ ಮೊದಲೇ ಕೇಳುತ್ತಾರೆ: ‘ಏನ್ ಕೇಳ್ತಿದ್ದಾರಮ್ಮಾ ಇವರು?’ ಪಿಜಿಯ ಪ್ರಶ್ನೆಯೇ, ಮಂಡ್ಯದ ಕನ್ನಡದಲ್ಲಿ.

ಒಬ್ಬರು ವಯಸ್ಸಾದವರ ಅರ್ಜಿ ಬಂತು. ಎರಡೂ ಮಗ್ಗುಲು ತುಂಬಿಸಿದ ಫುಲ್‌ಸ್ಕೇಪ್ ಹಾಳೆ. ‘ವಿಷಯ’ ಅಂತ ಇರುವಲ್ಲಿ ‘ಜಮೀನಿನ ಹದ್ದುಬಸ್ತು ಮಾಡಿಕೊಡುವ ಬಗ್ಗೆ’ ಅಂತಿತ್ತು, ಅಂದರೆ ಅಳತೆ ಮಾಡಿ ಗಡಿ ಗುರುತಿಸಿ ಕೊಡಿ ಅಂತ. ಕೆಳಗೆ ಓದಿದರೆ, ಪಕ್ಕದ ಹೊಲದವರು ಬದು ಒತ್ತಿದ್ದು ಮೂರು ಸಾಲು. ಉಳಿದದ್ದೆಲ್ಲ ಅಪ್ಪ ತೀರಿಕೊಂಡದ್ದು, ಅಣ್ಣ ಊರು ಬಿಟ್ಟದ್ದು, ಸೊಸೈಟಿಯಲ್ಲಿ ಸಾಲ ಕೊಡದೆ ವಾಪಸ್ ಕಳಿಸಿದ್ದು, ಬೆಳೆ ಪರಿಹಾರ ಬಾರದ್ದು. ಬೆರಳಿಟ್ಟು ಮುಚ್ಚಿ ನೋಡಿದೆ. ಹದ್ದುಬಸ್ತಿನ ಮಾತು ತೆಗೆದರೂ ಅರ್ಜಿ ಅಲುಗಾಡಲಿಲ್ಲ. ಸಾಲ ಯಾಕೆ ಸಿಗಲಿಲ್ಲ, ಪರಿಹಾರ ಯಾಕೆ ಬರಲಿಲ್ಲ ಅನ್ನುವುದಕ್ಕೆಲ್ಲ ಒಂದೇ ಕಾರಣ ಇರಬೇಕು, ಅದನ್ನು ಮಾತ್ರ ಅವರು ಬರೆದಿಲ್ಲ. ಅಜ್ಜ ಹೊರಗೆ ಬೆಂಚಿನ ಮೇಲೇ ಕೂತಿದ್ದರು.

‘ತಾತಾ, ಪಹಣೀಲಿ ಈಗ ಯಾರ ಹೆಸರಿದೆ?’

‘ನಮ್ಮಪ್ಪಂದೇ ಕಣವ್ವಾ. ಅದ್ಯಾಕೆ?’

ಪೌತಿ ಖಾತೆಯೇ ಆಗಿರಲಿಲ್ಲ. ಅಪ್ಪನ ಹೆಸರಿನಿಂದ ಇವರ ಹೆಸರಿಗೆ ಬಾರದೆ ಮುಂದಿನದು ಯಾವುದೂ ಆಗುವಂತಿರಲಿಲ್ಲ, ಅವರು ಕೇಳಿದ ಹದ್ದುಬಸ್ತು ಕೂಡ. ಮರಣ ಪ್ರಮಾಣಪತ್ರ, ವಂಶವೃಕ್ಷ ತಂದು ಮೊದಲು ಖಾತೆಗೆ ಅರ್ಜಿ ಕೊಡಿ ಅಂದೆ. ‘ಅಷ್ಟುದ್ದ ಬರ್ದಿವ್ನಲ್ಲವ್ವಾ, ಅದ್ರಲ್ಲಿಲ್ವಾ ಅದು?’ ಅಂದರು. ಇದೆ ತಾತಾ, ಸಾಲಿನ ನಡುವೆ ಇದೆ ಅಂದೆ.

ಅರ್ಜಿಗಳ ಪಾಡು ಹೀಗಾದರೆ ಮೇಲಿನಿಂದ ಬರುವ ಸುತ್ತೋಲೆಗಳದ್ದು ಇನ್ನೊಂದು ಥರ. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಶುರುವಾದ ವಾಕ್ಯ ಪುಟ ತಿರುಗಿಸಿದರೂ ಮುಗಿದಿರುವುದಿಲ್ಲ. ಉಲ್ಲೇಖ ಒಂದು, ಎರಡು, ಮೂರು ದಾಟಿ ಕೊನೆಯ ‘ಸೂಚಿಸಿದೆ’ ಹುಡುಕಬೇಕು. ಎಷ್ಟೇ ಉದ್ದವಿರಲಿ, ಕ್ರಿಯಾಪದ ಹಿಡಿದರೆ ಸಾಮಾನ್ಯವಾಗಿ ವಿಷಯ ಸಿಗುತ್ತದೆ. ಏನು ಮಾಡಬೇಕು, ಯಾರು ಮಾಡಬೇಕು, ಯಾವ ತಾರೀಖಿನ ಒಳಗೆ, ಇಷ್ಟು ಬಂದರೆ ಟಿಪ್ಪಣಿ ಆಯಿತು.

ಕೆಲವು ಸಲ ಅದೂ ಇರುವುದಿಲ್ಲ. ಬೆರಳಿಟ್ಟು ಒಂದೊಂದೇ ಮುಚ್ಚುತ್ತಾ ಹೋದರೆ ಪೂರ್ತಿ ಪ್ಯಾರಾ ಮುಚ್ಚಿದರೂ ನಷ್ಟವಿಲ್ಲ. ಪರೀಕ್ಷೆಯಲ್ಲಾದರೆ ಅಂಥ ಪ್ರಶ್ನೆ ಬಿಟ್ಟು ಮುಂದೆ ಹೋಗುತ್ತಿದ್ದೆ, 0.83 ಉಳಿಯುತ್ತಿತ್ತು. ಇಲ್ಲಿ ಬಿಡುವಂತಿಲ್ಲ. ‘ಸ್ಪಷ್ಟೀಕರಣ ಕೋರಿ ಪತ್ರ ಬರೆಯಬಹುದಾಗಿದೆ’ ಅಂತ ಟಿಪ್ಪಣಿ ಹಾಕಿ ಮೇಲಕ್ಕೆ ಕಳಿಸುತ್ತೇನೆ. ಶಿರಸ್ತೇದಾರರು ಸುತ್ತೋಲೆ ಒಂದು ಸಲ ಓದುತ್ತಾರೆ, ಕನ್ನಡಕ ತೆಗೆದು ಇನ್ನೊಂದು ಸಲ ಓದುತ್ತಾರೆ, ಸಹಿ ಹಾಕುತ್ತಾರೆ.